ಹಾಸಿಗೆಯನ್ನು ಹೊತ್ತವರು
(ಪಾಠ: ಮಾರ್ಕ ೨: ೧–೧೨)



ಕಪೆರ್ನೌಮಿನಲ್ಲಿ ಪಾರ್ಶ್ವವಾಯುರೋಗಿಯನ್ನು ಕರ್ತನ ಬಳಿಗೆ ಹೊತ್ತು ತಂದವರು ನಾಲ್ವರು. ಕರ್ತನು ಹೊತ್ತವರ ನಂಬಿಕೆಯನ್ನೂ ಕಂಡನೆಂಬದನ್ನು ಗಮನಿಸಬೇಕು. ನಮ್ಮ ಸಭೆಗಳಲ್ಲಿಯಾದರೋ ಅಂಥ ಹಾಸಿಗೆಯನ್ನು ಅನೇಕಾವರ್ತಿ ಒಬ್ಬ ತಾಯಿಯೇ ಹೊರುತ್ತಾಳೆ.

ಸ್ನಾಯುಕ್ಷಯವೆಂಬ ರೋಗವನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಂದು ಬಗೆಯನ್ನು ಫ್ರಾನ್ಸ್ ದೇಶದ ವೈದ್ಯನಾದ ಡುಶೆನ್ ಎಂಬವನು ೧೮೬೮ರಲ್ಲಿ ವಿವರಿಸಿದನು. ಇದು ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಮೂರು ನಾಲ್ಕು ವರುಷದ ಮಗುವು ಪದೇ ಪದೇ ಬೀಳುತ್ತದೆ. ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಏಳುತ್ತದೆ. ಮೀನಖಂಡವು ದಪ್ಪವಾಗಿರುವದರಿಂದ ಹಿರಿಯರು ಅದನ್ನು ಬಲವೆಂದು ಭ್ರಮಿಸುವದುಂಟು. ಸುಮಾರು ಹನ್ನೆರಡನೆಯ ವಯಸ್ಸಿಗೆ ನಡಿಗೆಯು ನಿಲ್ಲುತ್ತದೆ. ಮುಂದೆ ಉಸಿರೂ ಹೃದಯವೂ ಕುಗ್ಗುತ್ತವೆ. ಔಷಧಗಳು ರೋಗದ ವೇಗವನ್ನು ತಗ್ಗಿಸುತ್ತವೆಯೇ ಹೊರತು ಪೂರ್ಣವಾಗಿ ಗುಣಪಡಿಸುವದಿಲ್ಲ.

ಮಗನ ಭಾರವು ಹೆಚ್ಚಿದಂತೆ ತಾಯಿಯ ಬಲವು ಕುಂದುತ್ತದೆ. ಅವನು ರಾತ್ರಿಯಲ್ಲಿ ತಾನಾಗಿ ಮಗ್ಗುಲಾಗಲಾರನು. ಕರೆದಾಗಲೆಲ್ಲಾ ಆಕೆಯು ಏಳಬೇಕು. ತಂದೆಯ ಕೂಲಿಯು ತಪ್ಪುತ್ತದೆ. ಇದಲ್ಲದೆ ರೋಗವು ತಾಯಿಯ ಕಡೆಯಿಂದ ಬರಬಹುದೆಂದು ಕೇಳಿದವರು ಆಕೆಯನ್ನೇ ದೂಷಿಸುತ್ತಾರೆ. ಆದರೆ ಸುಮಾರು ಮೂರರಲ್ಲೊಂದು ಪಾಲು ಮಕ್ಕಳಲ್ಲಿ ಅದು ಹೊಸದಾಗಿ ಹುಟ್ಟಿದ ಬದಲಾವಣೆಯಿಂದ ಉಂಟಾಗುವದು. ತಾಯಿಯಿಂದ ಬಂದರೂ ಅದು ಆಕೆಯು ಮಾಡಿದ ತಪ್ಪಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪ ಯಾರದೆಂದು ಕೇಳಿದಾಗ ಕರ್ತನು ಅವನ ಮೇಲಾಗಲಿ ತಂದೆತಾಯಿಗಳ ಮೇಲಾಗಲಿ ಅದನ್ನು ಹೊರಿಸಲಿಲ್ಲ (ಯೋಹಾನ ೯: ೧–೩).

ನಾವೂ ಈ ವಿಷಯದಲ್ಲಿ ತಪ್ಪಿದವರೇ. ಅಂಥ ಒಂದು ಮನೆಗೆ ಹಲವು ಸಾರಿ ಹೋಗಿ, ಹುಡುಗನಿಗೋಸ್ಕರ ಪ್ರಾರ್ಥಿಸಿ ಬಂದೆವು. ತಾಯಿಯು ನಿದ್ರಿಸಿ ಎಷ್ಟು ದಿನವಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಆಕೆಯು ಆರಾಧನೆಗೆ ಬಾರದಿರುವದನ್ನು ಮಾತ್ರ ಪಟ್ಟಿಯಲ್ಲಿ ಗುರುತಿಸಿದೆವು.

ಆದದರಿಂದ ಸಭೆಯವರು ಮಾಡತಕ್ಕದ್ದೇನಂದರೆ: ಒಬ್ಬರು ಆದಿತ್ಯವಾರ ಹುಡುಗನ ಬಳಿಯಲ್ಲಿ ಕೂತು ತಾಯಿಯನ್ನು ಆರಾಧನೆಗೆ ಕಳುಹಿಸಲಿ. ಒಬ್ಬರು ವೈದ್ಯಶಾಲೆಯ ದಿನದಲ್ಲಿ ಹೊತ್ತುಕೊಂಡು ಜೊತೆಗೆ ಹೋಗಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗವನ್ನು ಪರೀಕ್ಷಿಸುತ್ತಾರೆ. ಓದುಬಲ್ಲವರೊಬ್ಬರು ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡಲಿ. ೨೦೧೬ರ ಕಾನೂನು ಸ್ನಾಯುಕ್ಷಯವನ್ನು ಹೆಸರಿಸಿ ಸೇರಿಸಿದೆ. ಒಬ್ಬರು ವಾರದಲ್ಲಿ ಒಂದು ರಾತ್ರಿಯಾದರೂ ಎಚ್ಚರವಿರಲಿ. ಹೀಗೆ ಮಾಡಿದರೆ ನಾಲ್ಕು ಮೂಲೆಗಳಿಗೂ ಕೈಗಳು ದೊರೆತವು.

ಯೋಚಿಸತಕ್ಕ ಪ್ರಶ್ನೆಗಳು:
೧. ನಮ್ಮ ಊರಿನಲ್ಲಿ ಒಬ್ಬಳೇ ಹೊರುತ್ತಿರುವ ಹಾಸಿಗೆ ಯಾವ ಮನೆಯಲ್ಲಿದೆ?
೨. ಅದರ ಯಾವ ಮೂಲೆಯನ್ನು ನಾವು ಈ ವಾರವೇ ಹಿಡಿಯಬಲ್ಲೆವು?