ಹೊಂಡಕ್ಕೆ ಬಿದ್ದದ್ದು ಬಟ್ಟಲಿಗೆ ಬರುತ್ತದೆ

ಮಗಾ, ಹಿತ್ತಲಲ್ಲಿ ಹೊಂಡ ತೋಡಿಸಿ ಆಯಿತು, ಇನ್ನು ಅದರಲ್ಲೇ ಮೀನಿನ ಜೊತೆಗೆ ನಾಲ್ಕು ಸೊಪ್ಪು, ಗೆಡ್ಡೆ ಬೆಳೆಯೋಣ ಅಂತ ಹೊರಟಿದ್ದೀಯ. ಒಳ್ಳೆಯದೇ. ನೀರಿನ ಗಿಡ ಬೆಳೆಸುವುದು ಕಷ್ಟವಲ್ಲ, ಅದು ಮಿತಿಮೀರದಂತೆ ನೋಡಿಕೊಳ್ಳುವುದು ಕಷ್ಟ. ಇನ್ನೊಂದು ಮಾತು: ತೋಟದಲ್ಲಿ ನಾವು ಮಾಡುವ ಎಡವಟ್ಟನ್ನು ಮಣ್ಣು ಒಂದಿಷ್ಟು ನುಂಗಿಕೊಳ್ಳುತ್ತದೆ. ನಿಂತ ನೀರು ಹಾಗಲ್ಲ. ಅದಕ್ಕೆ ಬಿದ್ದದ್ದು ಮೀನಿನ ಕಿವಿರಿಗೂ ಹೋಗುತ್ತದೆ, ಗಿಡದ ಬೇರಿಗೂ ಹೋಗುತ್ತದೆ, ಕಡೆಗೆ ನಿನ್ನ ಊಟದ ಬಟ್ಟಲಿಗೂ ಬರುತ್ತದೆ. ಇದೊಂದು ನೆನಪಿದ್ದರೆ ಕೆಳಗಿನದರಲ್ಲಿ ಅರ್ಧ ನಿನಗೇ ಹೊಳೆಯುತ್ತದೆ. ಆದರೂ ದೊಡ್ಡಪ್ಪನ ಬಾಯಿ ಸುಮ್ಮನಿರುವುದಿಲ್ಲ, ಕೇಳು.

ಹೊಂಡ, ನೀರು

• ಮೊದಲು ಬಿಸಿಲು ನೋಡಿಕೊ. ತಾವರೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಹೊಂಡ ಹಲಸಿನ ಮರದ ಬುಡದಲ್ಲಿದ್ದರೆ ನೆರಳಿನ ಕಾಟ ಒಂದು, ಉದುರಿದ ಎಲೆ ತಳದಲ್ಲಿ ಕೊಳೆತು ನೀರು ಕೆಡುವುದು ಇನ್ನೊಂದು. ಕೆಸು, ಒಂದೆಲಗ ಅರೆನೆರಳಿನಲ್ಲೂ ಬರುತ್ತವೆ.

• ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದರೆ ಅವಸರ ಬೇಡ. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಆ ನೀರಿನಲ್ಲಿ ಮೀನು ಬಾಳುವುದಿಲ್ಲ. ನೀರು ತುಂಬಿಸಿ ವಾರ ಬಿಟ್ಟು ಖಾಲಿ ಮಾಡು. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಮುಂದಿನ ಕೆಲಸ. ಪೇಟೆಯ ನಲ್ಲಿ ನೀರಾದರೆ ಕ್ಲೋರಿನ್ ವಾಸನೆ ಹೋಗುವ ತನಕ ಒಂದೆರಡು ದಿನ ತೆರೆದಿಟ್ಟು ಬಿಡು.

• ಬಚ್ಚಲಿನ ನೀರು, ಕೊಟ್ಟಿಗೆ ತೊಳೆದ ನೀರು ಹೊಂಡದ ಕಡೆ ತಲೆ ಹಾಕಬಾರದು. ಪಾಯಿಖಾನೆ ಗುಂಡಿ ಹೊಂಡಕ್ಕಿಂತ ಮೇಲ್ಮಟ್ಟದಲ್ಲಿದ್ದರೆ ತಿನ್ನುವ ಗಿಡದ ಆಸೆ ಬಿಟ್ಟು ಹೂವಿನ ತಾವರೆ ಮಾತ್ರ ಬೆಳೆ.

• ಹೊಂಡಕ್ಕೆ ಕೋಡಿ ಇರಲಿ, ಕೋಡಿಗೆ ಸಣ್ಣ ಕಣ್ಣಿನ ಬಲೆ ಇರಲಿ. ಜುಲೈ ಮಳೆಗೆ ಹೊಂಡ ಉಕ್ಕಿದರೆ ಮೀನಿನ ಜೊತೆಗೆ ನಿನ್ನ ಬಳ್ಳಿಯ ತುಂಡುಗಳೂ ಊರಿನ ಹಳ್ಳ ಸೇರುತ್ತವೆ. ಹಳ್ಳ ಸೇರಿದ ನೀರುಬಳ್ಳಿಯನ್ನು ಆಮೇಲೆ ಯಾರೂ ಹಿಡಿದು ತರಲಾರರು.

• ಕೃಷಿ ಹೊಂಡದ ಹಾಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಏನನ್ನೂ ತಳದಲ್ಲಿ ನೇರವಾಗಿ ನೆಡಬೇಡ. ಗೆಡ್ಡೆ ಕೀಳಲು ಗುದ್ದಲಿ ಹಾಕಿದ ದಿನ ಹಾಳೆಯೂ ತೂತು. ಎಲ್ಲವೂ ಟಬ್ಬಿನಲ್ಲೇ ಇರಲಿ.

• ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಗಿಡಕ್ಕಿಂತ ಮೊದಲು ಬೇಲಿ. ತಾವರೆ ಎಲೆ ಮುಚ್ಚಿದ ನೀರು ಮಗುವಿನ ಕಣ್ಣಿಗೆ ನೆಲದ ಹಾಗೇ ಕಾಣುತ್ತದೆ. ಇದರಲ್ಲಿ ನಾಳೆ ಅನ್ನಬೇಡ.

ಮೀನಿನ ಲೆಕ್ಕ

• ಹುಲ್ಲುಗೆಂಡೆ ಬಿಟ್ಟರೆ ಗಿಡ ಬೆಳೆಯುವ ಮಾತೇ ಬೇಡ, ರಾತ್ರಿ ಬೆಳಗಾಗುವುದರೊಳಗೆ ಚಿಗುರೆಲ್ಲ ಅದರ ಹೊಟ್ಟೆಯಲ್ಲಿ. ಸಾಮಾನ್ಯ ಗೆಂಡೆ ಸೊಪ್ಪಿಗೆ ಅಷ್ಟು ಬಾಯಿ ಹಾಕದಿದ್ದರೂ ತಳದ ಕೆಸರು ಕೆದಕಿ ಬೇರು ಮೇಲೆಬ್ಬಿಸುತ್ತದೆ. ಗಿಡದ ಜೊತೆಗೆ ಸಾಕುವುದಾದರೆ ಕೆಲವು ಕಾಟ್ಲಾ, ರೋಹು, ಸೊಳ್ಳೆಗೆಂದು ಒಂದು ಹಿಡಿ ಗಪ್ಪಿ ಸಾಕು. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ತಂದುಕೊಟ್ಟರೂ ಬೇಡ. ಅದನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ.

• ಹತ್ತಡಿ ಉದ್ದ, ಹತ್ತಡಿ ಅಗಲ, ಮೂರಡಿ ಆಳದ ಹೊಂಡದಲ್ಲಿ ಸುಮಾರು 8,500 ಲೀಟರ್ ನೀರು ಹಿಡಿಯುತ್ತದೆ. ಗಾಳಿ ಊದುವ ಯಂತ್ರ ಇಲ್ಲದಿದ್ದರೆ ಇದಕ್ಕೆ ಹತ್ತು ದೊಡ್ಡ ಮೀನು ಧಾರಾಳವಾಯಿತು.

• ಗಿಡಕ್ಕೆ ಬೇರೆ ಗೊಬ್ಬರ ಯಾಕೆ? ಮೀನಿನ ಹಿಕ್ಕೆಯ ಅಮೋನಿಯಾವನ್ನು ನೀರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಅದನ್ನು ಬೇರು ಹೀರುತ್ತದೆ. ಹತ್ತು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಮೇವು ಹಾಕು. ಉಳಿದ ಮೇವು ಕೊಳೆತರೆ ಮೀನಿಗೂ ಕೇಡು, ನಿನಗೆ ಪಾಚಿಯ ಕಾಟ ಬೇರೆ.

• ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದರೆ ಅದು ಆಟವಲ್ಲ, ಉಸಿರು ಕಟ್ಟಿದ ಲಕ್ಷಣ. ಹಗಲಲ್ಲಿ ಆಮ್ಲಜನಕ ಕೊಡುವ ಗಿಡವೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ. ಮೋಡ ಕವಿದ ದಿನಗಳಲ್ಲಿ ಇದು ಇನ್ನೂ ಜೋರು. ಕೂಡಲೇ ಕೊಡದಲ್ಲಿ ನೀರೆತ್ತಿ ಮೇಲಿನಿಂದ ಸುರಿ, ಅಥವಾ ಪಂಪು ಹಾಕಿ ಚಿಮ್ಮಿಸು. ಮೇಲೆ ಹರಡಿದ ಗಿಡವನ್ನು ಅದೇ ದಿನ ಬಾಚಿ ತೆಗೆ. ನೀರಿನ ಮೇಲ್ಮೈ ಅರ್ಧದಷ್ಟು ಸದಾ ಬಯಲಾಗಿರಲಿ.

ಏನೇನು ನೆಡಬಹುದು

• ದಂಡೆಗೆ ಕೆಸು. ಬುಡ ಒದ್ದೆ, ತಲೆ ಬಯಲಲ್ಲಿ ಇರುವಂತೆ ನೆಡು. ಮಳೆಗಾಲದ ಆರಂಭಕ್ಕೆ ಇಟ್ಟರೆ ಆಷಾಢದ ಪತ್ರೊಡೆಗೆ ಎಲೆ ಸಿಗುತ್ತದೆ. ಕೊಯ್ಯುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊ. ಅದರ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತದೆ, ತುರಿಕೆ ಅದರದ್ದೇ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು, ಅರೆಬೆಂದದ್ದು ಗಂಟಲು ಬಿಡುವುದಿಲ್ಲ.

• ಹೊನಗೊನ್ನೆ ಸೊಪ್ಪು ಒದ್ದೆ ದಂಡೆಯಲ್ಲಿ ತಾನಾಗಿ ಹಬ್ಬುತ್ತದೆ. ಆದರೆ ಗುರುತು ಹಿಡಿ. ಹೊನಗೊನ್ನೆಯ ಪುಟ್ಟ ಬಿಳಿ ಹೂ ಎಲೆಯ ಬುಡದ ಗಂಟಿಗೇ ಅಂಟಿಕೊಂಡಿರುತ್ತದೆ. ಅದೇ ಜಾತಿಯ ಇನ್ನೊಂದು ಕಳೆ ಕೊಳಚೆ ಕೆರೆಗಳಲ್ಲಿ ಚಾಪೆಯ ಹಾಗೆ ಹಬ್ಬುತ್ತದೆ. ಅದರ ಕಾಂಡ ಟೊಳ್ಳು, ಬಿಳಿ ಹೂವಿನ ಗುಂಡು ಬೇರೆಯೇ ತೊಟ್ಟಿನ ಮೇಲೆ ಎದ್ದು ನಿಲ್ಲುತ್ತದೆ. ಅಲಿಗೇಟರ್ ಕಳೆ ಅನ್ನುತ್ತಾರೆ. ಹೂ ಬರುವ ತನಕ ಅನುಮಾನ ಇದ್ದರೆ ತರಬೇಡ.

• ಒಂದೆಲಗಕ್ಕೆ ನೀರಿನೊಳಗೆ ಜಾಗ ಬೇಡ, ಏರಿಯ ತಂಪು ಸಾಕು. ಕೊಳಕ್ಕೆ ತಾಗದಂತೆ, ದನ ಕಾಲಿಡದ ಕಡೆ ಒಂದು ಮಡಿ ಮಾಡು. ಯಾಕೆ ಅಂತ ಮುಂದೆ ಹೇಳುತ್ತೇನೆ.

• ನರ್ಸರಿಯವರು ನೀರು ಪಾಲಕ್ ಅನ್ನುವ ಬಳ್ಳಿ ಇದೆ, ಬಂಗಾಳಿಗಳು, ಈಶಾನ್ಯದವರು ಬಹಳ ತಿನ್ನುತ್ತಾರೆ, ಹಿಂದಿಯಲ್ಲಿ ಕಲ್ಮಿ ಸಾಗ್. ಗೆಣಸಿನ ಬಳ್ಳಿಯ ನೆಂಟ ಅದು. ಗೇಣುದ್ದದ ತುಂಡನ್ನು ನೀರಲ್ಲಿ ಇಟ್ಟರೆ ಗಂಟುಗಂಟಿಗೂ ಬೇರು ಬಿಡುತ್ತದೆ, ತಿಂಗಳೊಳಗೆ ಮೊದಲ ಕಟಾವು. ಬಾಳೆದಿಂಡಿನ ಸಣ್ಣ ತೆಪ್ಪ ಮಾಡಿ, ಕೆಳಗೆ ಬಲೆ ಕಟ್ಟಿ ಅದರೊಳಗೆ ಬೆಳೆಸಿದರೆ ಮೀನು ಬೇರು ಕಚ್ಚುವುದಿಲ್ಲ, ಬಳ್ಳಿಯೂ ಹದ್ದುಬಸ್ತಿನಲ್ಲಿರುತ್ತದೆ.

• ಆ ಬಳ್ಳಿಯ ದೊಡ್ಡ ಗುಣವೇ ದೊಡ್ಡ ದೋಷ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಅದನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ತೊಳೆದರೂ ಹೋಗದು, ಬೇಯಿಸಿದರೂ ಹೋಗದು. ಪೇಟೆಯ ಕೊಳಚೆ ಕೆರೆಯಂಚಿನಲ್ಲಿ ಹಸಿರಾಗಿ ಕಂಡಿತು ಅಂತ ಕಿತ್ತು ತಂದು ಪಲ್ಯ ಮಾಡಬೇಡ. ಗೊತ್ತಿಲ್ಲದ ಕಡೆಯಿಂದ ತಂದ ತುಂಡು ನೆಟ್ಟರೆ ಮೊದಲ ಕಟಾವು ದನಕ್ಕೂ ಹಾಕದೆ ಗೊಬ್ಬರದ ಗುಂಡಿಗೆ ಹೋಗಲಿ.

• ತಾವರೆ ನಮ್ಮ ರಾಜ್ಯದ ಹೂವೇ ಆದರೂ ಅದರ ಗೆಡ್ಡೆ ನಮ್ಮ ಅಡುಗೆಮನೆಗೆ ಅಷ್ಟಾಗಿ ಬಂದಿಲ್ಲ. ಕಾಶ್ಮೀರದಲ್ಲಿ ಅದೇ ನದ್ರು, ದಾಲ್ ಸರೋವರದಲ್ಲಿ ಬೆಳೆದು ಮಾರುತ್ತಾರೆ. ಕೊಳ್ಳುವಾಗ ನೈದಿಲೆಯನ್ನು ತಾವರೆ ಅಂತ ಕಟ್ಟಿಯಾರು. ನೈದಿಲೆಯ ಎಲೆ ಒಂದು ಕಡೆ ಸೀಳಿರುತ್ತದೆ, ನೀರಿನ ಮೇಲೆ ಮಲಗಿರುತ್ತದೆ. ತಾವರೆಯ ಎಲೆ ಪೂರ್ತಿ ದುಂಡು, ದಂಟು ನಡುಮಧ್ಯಕ್ಕೆ ಸೇರುತ್ತದೆ, ಬಲಿತ ಎಲೆ ನೀರು ಬಿಟ್ಟು ಮೇಲೇಳುತ್ತದೆ.

• ತಾವರೆಗೆ ತೂತಿಲ್ಲದ ಅಗಲ ಟಬ್ಬು, ಅರ್ಧಕ್ಕೆ ಗದ್ದೆಯ ಜೇಡಿಮಣ್ಣು ಅಥವಾ ಕೆರೆಗೋಡು. ತೆಂಗಿನ ನಾರಿನ ಪುಡಿ, ಎಲೆಗೊಬ್ಬರ ಹಾಕಿದರೆ ತೇಲಿ ನೀರು ಕೊಳೆಯುತ್ತದೆ. ಗೆಡ್ಡೆಯನ್ನು ಅಡ್ಡ ಮಲಗಿಸಿ ಮಣ್ಣು ಮುಚ್ಚು, ಮೊಳಕೆಯ ತುದಿ ಮಾತ್ರ ಹೊರಗಿರಲಿ. ಆ ತುದಿ ಮುರಿದರೆ ಆ ಗೆಡ್ಡೆಯ ಕಥೆ ಮುಗಿದಂತೆ. ಮೇಲೆ ಒಂದು ಪದರ ಹೊಳೆಗಲ್ಲು ಹರಡು, ಮೀನು ಕೆದಕುವುದಿಲ್ಲ. ಮೊದಲು ಗೇಣು ನೀರು, ಎಲೆ ಎದ್ದಂತೆ ಟಬ್ಬನ್ನು ಆಳಕ್ಕೆ ಇಳಿಸು.

• ಬೀಜದಿಂದ ಮಾಡುವ ಆಸೆಯಿದ್ದರೆ ಬೀಜದ ಒಂದು ತುದಿಯನ್ನು ಒಳಗಿನ ಬಿಳಿ ಕಾಣುವ ತನಕ ಕಲ್ಲಿಗೆ ಉಜ್ಜಿ, ಲೋಟದ ನೀರಿನಲ್ಲಿ ಹಾಕು, ದಿನಾ ನೀರು ಬದಲಿಸು. ಸಿಪ್ಪೆ ಎಷ್ಟು ಗಟ್ಟಿ ಅಂದರೆ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಬತ್ತಿದ ಕೆರೆಯ ತಳದಿಂದ ತೆಗೆದ ಸುಮಾರು 1,300 ವರ್ಷ ಹಳೆಯ ಬೀಜವನ್ನೂ ವಿಜ್ಞಾನಿಗಳು ಮೊಳೆಯಿಸಿದ್ದಾರೆ. ಉಜ್ಜದೆ ಹಾಕಿದರೆ ನಿನ್ನ ಬೀಜವೂ ಹಾಗೇ ಕಾಯುತ್ತಾ ಕೂತೀತು.

• ಅಂಗಡಿಯಲ್ಲಿ ತಾವರೆ ಬೀಜ ಅಂತ ಮಾರುವ ಮಖಾನ ತಾವರೆಯದಲ್ಲ. ಅದು ಬಿಹಾರದ ಮಿಥಿಲೆಯ ಕೊಳಗಳಲ್ಲಿ ಬೆಳೆಯುವ ಬೇರೆಯೇ ಮುಳ್ಳೆಲೆಯ ಗಿಡದ್ದು. ಮಿಥಿಲಾ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ತಾವರೆ ಬೀಜ ಹುರಿದರೆ ಅರಳೀತು ಅಂತ ಬಾಣಲೆ ಇಡಬೇಡ. ಅದನ್ನು ಎಳೆಯದಾಗಿರುವಾಗಲೇ ಸುಲಿದು ತಿನ್ನಬೇಕು, ನಡುವಿನ ಹಸಿರು ಮೊಳಕೆ ಕಹಿ, ತೆಗೆದುಬಿಡು.

• ಸಿಂಗಾಡ ಅನ್ನುವ ತಿನ್ನುವ ಮುಳ್ಳುಕಾಯಿಯ ಗಿಡ ನೀರಿನ ಮೇಲೆ ತೇಲುತ್ತದೆ, ಕಾಯಿ ಎಲೆಗಳ ಕೆಳಗೆ ನೀರಿನಲ್ಲಿ ತೂಗುತ್ತದೆ. ಬಿತ್ತನೆಗೆ ಇಟ್ಟುಕೊಳ್ಳುವ ಕಾಯಿಯನ್ನು ಒಣಗಿಸಬೇಡ, ಒಣಗಿದರೆ ಮೊಳೆಯುವುದಿಲ್ಲ. ಮುಂದಿನ ಮಳೆಗಾಲದ ತನಕ ನೀರಿನಲ್ಲೇ ಇಡು. ಮುಳ್ಳಿನ ಕಾಯಿ ತಳ ಸೇರಿರುತ್ತದೆ, ಬರಿಗಾಲಲ್ಲಿ ಇಳಿಯಬೇಡ.

• ಅಜೋಲ್ಲಾ ನಿನಗಲ್ಲ, ಕೋಳಿಗೆ, ದನಕ್ಕೆ. ಒಣತೂಕದಲ್ಲಿ ಸುಮಾರು ಕಾಲುಭಾಗ ಪ್ರೋಟೀನು. ಆದರೆ ಅದನ್ನು ಮೀನಿನ ಹೊಂಡಕ್ಕೆ ಹಾಕಬೇಡ, ಪಕ್ಕದಲ್ಲೊಂದು ಸಣ್ಣ ತೊಟ್ಟಿ ಮಾಡು. ಕೆಲವೇ ದಿನಕ್ಕೆ ಎರಡರಷ್ಟಾಗುವ ಗಿಡ ಅದು, ಹೊಂಡ ಪೂರ್ತಿ ಮುಚ್ಚಿ ಮೀನಿಗೆ ಉಸಿರಿಲ್ಲದಂತೆ ಮಾಡುತ್ತದೆ.

ಔಷಧಿಯ ವಿಷಯ

• ಅಡಿಕೆ ತೋಟದ ಪಕ್ಕದ ಹೊಂಡ ನಿನ್ನದು, ಅದಕ್ಕೇ ಒತ್ತಿ ಹೇಳುತ್ತೇನೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಇರುತ್ತದೆ. ಗೊನೆಗೆ ಅಮೃತವಾದ ಆ ತಾಮ್ರ ಮೀನಿಗೆ ವಿಷ. ಔಷಧಿ ಹೊಡೆಯುವ ದಿನ ಹೊಂಡಕ್ಕೆ ಟಾರ್ಪಾಲು ಹೊದಿಸು. ಡ್ರಮ್ಮು, ಬಕೆಟ್ಟು, ಔಷಧಿ ಹೊಡೆಯುವ ಗಟಾರ್ ಪಂಪು, ಯಾವುದನ್ನೂ ಹೊಂಡದಲ್ಲಿ ತೊಳೆಯಲು ಕೆಲಸದವರನ್ನು ಬಿಡಬೇಡ. ತೋಟದ ಬಸಿಗಾಲುವೆಯ ನೀರು ಹೊಂಡಕ್ಕೆ ಇಳಿಯುತ್ತಿದ್ದರೆ ಬೇಸಿಗೆಯಲ್ಲೇ ಅದರ ದಾರಿ ತಿರುಗಿಸು.

• ಮನೆಮದ್ದು ಅಂದ ಮಾತ್ರಕ್ಕೆ ಮೀನಿಗೆ ಆಗುತ್ತದೆ ಅಂತಲ್ಲ. ಹೊಗೆಸೊಪ್ಪಿನ ಕಷಾಯ, ಸೋಪಿನ ನೀರು ಎರಡೂ ಮೀನನ್ನು ಕೊಲ್ಲುತ್ತವೆ. ತಾವರೆ ಎಲೆಗೆ ಹೇನು ಹತ್ತಿದರೆ ಪೈಪಿನಲ್ಲಿ ಜೋರಾಗಿ ನೀರು ಹೊಡೆ. ಹೇನು ನೀರಿಗೆ ಬೀಳುತ್ತದೆ, ಗಪ್ಪಿಗೆ ಹಬ್ಬ.

• ನರ್ಸರಿಯಿಂದ ತಂದ ಅಲಂಕಾರದ ಗಿಡಕ್ಕೆ ಏನು ಹೊಡೆದಿದ್ದಾರೋ ದೇವರಿಗೇ ಗೊತ್ತು. ಬೇರು ತೊಳೆದು, ಬೇರೆ ಬಕೆಟ್ಟಿನಲ್ಲಿ ಕೆಲವು ವಾರ ಇಟ್ಟು, ಹೊಸದಾಗಿ ಬಂದ ಚಿಗುರು ಮಾತ್ರ ನೆಡು. ಬೇರಿನ ಜೊತೆ ಬಂದ ಬಸವನಹುಳುವಿನ ಮೊಟ್ಟೆಯೂ ಅಲ್ಲೇ ಉಳಿಯಲಿ.

ಕೊಯ್ಲು, ಅಡುಗೆ

• ಹಸಿ ತಿನ್ನುವುದಿದ್ದರೆ ನೂರು ಸಲ ಯೋಚಿಸು. ದನ, ಕುರಿಯ ಪಿತ್ತಜನಕಾಂಗಕ್ಕೆ ಹತ್ತುವ ಚಪ್ಪಟೆ ಹುಳುವಿನ ಮರಿ ಮೊದಲು ನೀರಿನ ಬಸವನಹುಳುವಿನಲ್ಲಿ ಬೆಳೆದು, ಆಮೇಲೆ ನೀರಂಚಿನ ಸೊಪ್ಪಿಗೆ ಅಂಟಿಕೊಳ್ಳುತ್ತದೆ. ಹಸಿ ಸೊಪ್ಪು ತಿಂದ ಮನುಷ್ಯನಿಗೂ ಬರುತ್ತದೆ. ಉಪ್ಪುನೀರಲ್ಲಿ ತೊಳೆದರೆ ಸಾಲದು, ಬೇಯಿಸಿದರೆ ಮಾತ್ರ ಸಾಯುತ್ತದೆ. ಒಂದೆಲಗದ ತಂಬುಳಿಗೆ ಏರಿಯ ಮೇಲಿನ ಒಣ ಮಡಿಯ ಎಲೆಯೇ ಆಗಬೇಕು ಅಂದದ್ದು ಇದಕ್ಕೆ. ದಂಡೆಯದ್ದನ್ನೇ ಬಳಸುವುದಾದರೆ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ ಬೇಯಿಸಿ, ಆಮೇಲೆ ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಸೇರಿಸು. ರುಚಿಗೆ ಏನೂ ಕೊರತೆಯಾಗುವುದಿಲ್ಲ.

• ಸಿಂಗಾಡವನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುವ ಚಟ ಬೇಡ. ಬಿಹಾರ, ಅಸ್ಸಾಂ ಕಡೆ ಕರುಳಿನ ದೊಡ್ಡ ಹುಳು ಹೀಗೆಯೇ ಹೊಟ್ಟೆ ಸೇರುತ್ತದೆ. ಸಿಪ್ಪೆ ಸಮೇತ ಕುದಿಸಿ, ಆಮೇಲೆ ಸುಲಿ.

• ತಾವರೆ ಗೆಡ್ಡೆ ಕೀಳುವುದು ಎಲೆ ಹಳದಿಯಾಗಿ ಒಣಗಿದ ಮೇಲೆ. ಗಂಟಿನಿಂದ ಗಂಟಿಗೆ ಇಡಿಯಾಗಿ ತೆಗೆ. ನಡುವೆ ತುಂಡಾದರೆ ಒಳಗಿನ ಕೊಳವೆಗಳಿಗೆ ಕೆಸರು ನುಗ್ಗುತ್ತದೆ, ಆಮೇಲೆ ಎಷ್ಟು ತೊಳೆದರೂ ಹಲ್ಲಿಗೆ ಮರಳು. ಹೊರಗೆ ಪೂರ್ತಿ ತೊಳೆದ ಮೇಲೆಯೇ ಗಂಟು ಕತ್ತರಿಸು. ಬಿಲ್ಲೆ ಮಾಡಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಪಲ್ಯ ಆಗುತ್ತದೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದರೆ ಮೆಣಸಿನ ಬಾಳಕದ ಹಾಗೆ ಮಳೆಗಾಲಕ್ಕೆ ಕರಿಯಬಹುದು. ಒಂದೆರಡು ಗೆಡ್ಡೆ ಮಣ್ಣಲ್ಲೇ ಬಿಡು, ಮುಂದಿನ ವರ್ಷಕ್ಕೆ ಅದೇ ಬೀಜ.

• ವಾರಕ್ಕೊಮ್ಮೆ ಕೊಯ್ಯಲೇಬೇಕು, ತಿನ್ನಲು ಆಗದಿದ್ದರೂ. ಗಿಡ ಹೀರಿದ ಸಾರ ಹೊಂಡದಿಂದ ಹೊರಗೆ ಹೋಗುವುದು ಕೊಯ್ಲಿನಿಂದಲೇ. ಬಿಟ್ಟರೆ ಎಲೆ ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ವಾಪಸು ಕೊಡುತ್ತದೆ. ಹೆಚ್ಚಾದದ್ದು ಅಡಿಕೆ ಬುಡಕ್ಕೆ ಹಾಕು, ಹಳ್ಳಕ್ಕೆ ಮಾತ್ರ ಎಸೆಯಬೇಡ.

• ದಂಡೆಯಲ್ಲಿ ನೀರೊಳ್ಳೆ ಹಾವು ಕಂಡರೆ ದೊಣ್ಣೆ ಹುಡುಕಬೇಡ. ಅದರಲ್ಲಿ ವಿಷವಿಲ್ಲ, ನಾಲ್ಕು ಕಪ್ಪೆ, ಒಂದೆರಡು ಮೀನು ಅದರ ಪಾಲು. ಬೇರೆ ಹಾವೂ ಬಂದೀತು, ಹಾಗಾಗಿ ದಂಡೆಯ ಹುಲ್ಲು ಗಿಡ್ಡವಾಗಿರಲಿ, ಕತ್ತಲಾದ ಮೇಲೆ ಕೆಸುವಿನ ಬುಡಕ್ಕೆ ಕೈ ಹಾಕಬೇಡ.

• ಕೊನೆಯದಾಗಿ, ಎಲ್ಲವನ್ನೂ ಒಂದೇ ಸಲ ನೆಡಬೇಡ. ಮೊದಲ ವರ್ಷ ದಂಡೆಗೆ ಕೆಸು, ಹೊನಗೊನ್ನೆ, ನೀರಿನಲ್ಲಿ ಒಂದು ಟಬ್ಬು ತಾವರೆ, ಇಷ್ಟೇ. ಒಂದು ಮಳೆಗಾಲ, ಒಂದು ಬೇಸಿಗೆ ಹೊಂಡ ಹೇಗೆ ನಡೆದುಕೊಳ್ಳುತ್ತದೆ ನೋಡು. ಎಲ್ಲಿಯ ತನಕ ನೀರು ಇಳಿಯಿತು, ಎಲ್ಲಿಂದ ಕೊಳಕು ಬಂತು, ಮೀನು ಯಾವ ದಿನ ಮೇಲೆ ಬಂತು ಅಂತ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊ. ಆ ಗುರುತು ನೋಡಿಕೊಂಡು ಎರಡನೆಯ ವರ್ಷ ನೀರು ಪಾಲಕ್ಕೋ ಸಿಂಗಾಡವೋ ತೀರ್ಮಾನ ಮಾಡು. ಗೆಡ್ಡೆ ಬೇಕಾದರೆ ಫೆಬ್ರವರಿಯಲ್ಲಿ ಹೇಳು, ಕಳಿಸಿಕೊಡುತ್ತೇನೆ.