ಐದನೇ ಕ್ಲಾಸ್ ಎಂದರೆ ಕೊನೇ ಹಂತವಲ್ಲ

ಪ್ರಶ್ನೆ: ಮಗಳಿಗೆ 23 ವರ್ಷ, ಹೋದ ವರ್ಷ ಮದುವೆಯಾಗಿದೆ. ಮುಖ, ಕಾಲು ಬಾತು ಮೂತ್ರ ನೊರೆ ನೊರೆಯಾಗುತ್ತಿತ್ತು. ಬೆಳಗಾವಿಯಲ್ಲಿ ಕಿಡ್ನಿ ಬಯಾಪ್ಸಿ ಮಾಡಿಸಿದೆವು. ‘ಲೂಪಸ್, ಕ್ಲಾಸ್ ಐದು, ಮೆಂಬ್ರೇನಸ್, ಇಮ್ಯೂನ್ ಡೆಪಾಸಿಟ್’ ಎಂದು ಬರೆದಿದ್ದಾರೆ. ಐದು ಎಂದರೆ ಡಯಾಲಿಸಿಸ್ಸೇ? ಒಳಗೆ ಕೂತದ್ದನ್ನು ಕರಗಿಸುವ ಭಸ್ಮ ಸಿಗುತ್ತದೆ ಎಂದು ಬೀಗರು ಹೇಳುತ್ತಾರೆ. ಕೊಡಬಹುದೇ?
– ಒಬ್ಬ ತಾಯಿ, ಕರೋಶಿ

ಉತ್ತರ: ಅಕ್ಕ, ಭಸ್ಮ ಖಂಡಿತ ಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಕಿಡ್ನಿ ಎಷ್ಟು ಸೋತಿದೆ ಎಂದು ಅಳೆಯುವ ‘ಸ್ಟೇಜ್’ ಬೇರೆ, ಲೂಪಸ್‌ನ ‘ಕ್ಲಾಸ್’ ಬೇರೆ. ರೋಗವು ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಜಾಲರಿಯ, ಅಂದರೆ ಸೋಸುಗದ, ಯಾವ ಭಾಗದಲ್ಲಿ, ಯಾವ ರೀತಿ ಕೂತಿದೆ ಎಂಬುದನ್ನಷ್ಟೇ ಕ್ಲಾಸ್ ಹೇಳುತ್ತದೆ. ಕಿಡ್ನಿಯನ್ನು ಬೇಗ ಕೆಡಿಸುವುದರಲ್ಲಿ ಮೂರು, ನಾಲ್ಕನೇ ಕ್ಲಾಸುಗಳೇ ಸಾಮಾನ್ಯವಾಗಿ ಐದಕ್ಕಿಂತ ಜೋರು. ಹಾಗಾಗಿ ‘ಐದರ ಜೊತೆಗೆ ಮೂರು ಅಥವಾ ನಾಲ್ಕೂ ಇದೆಯೇ?’ ಎಂದು ಡಾಕ್ಟರನ್ನು ಕೇಳಿ. ಇದ್ದರೆ ಔಷಧ ಬಿರುಸಾಗಿರುತ್ತದೆ.

ಡೆಪಾಸಿಟ್ ಎಂದರೆ ಕಲ್ಲೂ ಅಲ್ಲ, ಕಸವೂ ಅಲ್ಲ. ರೋಗಾಣುಗಳ ಮೇಲೆ ಹೋಗಬೇಕಾದ ಪ್ರತಿಕಾಯಗಳು ಲೂಪಸ್‌ನಲ್ಲಿ ಸ್ವಂತ ದೇಹದ ಮೇಲೇ ತಿರುಗುತ್ತವೆ. ಅವು ಸೋಸುಗದ ಗೋಡೆಯ ಹೊರಮೈಗೆ ಗುಪ್ಪೆಗುಪ್ಪೆಯಾಗಿ ಅಂಟುತ್ತವೆ, ಗೋಡೆ ಸೋರತೊಡಗುತ್ತದೆ, ರಕ್ತದ ಪ್ರೋಟೀನ್ ಮೂತ್ರಕ್ಕೆ ಇಳಿಯುತ್ತದೆ. ನೊರೆ, ಬಾವು ಎರಡೂ ಅದರಿಂದಲೇ. ಇವನ್ನು ಕರಗಿಸುವ ಔಷಧಿಯಿಲ್ಲ. ಹೊಸ ಪ್ರತಿಕಾಯ ಹುಟ್ಟುವುದನ್ನು ತಡೆದರೆ ಹಳೆಯದನ್ನು ದೇಹವೇ ನಿಧಾನವಾಗಿ ತೆಗೆಯುತ್ತದೆ.

ಗೋಡೆಯ ಹೊರಮೈಗೆ ಹೀಗೆ ಅಂಟುವುದಕ್ಕೇ ಮೆಂಬ್ರೇನಸ್ ಎನ್ನುವುದು. ಆದರೆ ಮೆಂಬ್ರೇನಸ್ ಎಲ್ಲವೂ ಲೂಪಸ್‌ನಿಂದ ಬಂದದ್ದಲ್ಲ. ನಡುವಯಸ್ಸಿನವರಲ್ಲಿ ಕಾಣುವ ಬಹುಪಾಲು ಪ್ರಕರಣಗಳ ಹಿಂದೆ ಪಿಎಲ್‌ಎ2ಆರ್ ಎಂಬ ಪ್ರೋಟೀನಿನ ಮೇಲೆ ತಿರುಗಿದ ಪ್ರತಿಕಾಯ ಇರುತ್ತದೆ. ಅದು ಪತ್ತೆಯಾದದ್ದು 2009ರಲ್ಲಿ. ಹೆಪಟೈಟಿಸ್ ಬಿ, ಕ್ಯಾನ್ಸರ್ ಕೂಡ ಕಾರಣವಾಗಬಹುದು. ಲೂಪಸ್‌ನಲ್ಲಾದರೆ ಬಯಾಪ್ಸಿಯ ಪರೀಕ್ಷೆಯಲ್ಲಿ ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯು ಐದೂ ಒಟ್ಟಿಗೆ ಹೊಳೆಯುವುದುಂಟು. ವರದಿಯಲ್ಲಿ ‘ಫುಲ್ ಹೌಸ್’ ಎಂದಿದ್ದರೆ ಅದೇ. ಮಿರಜ್‌ಗೋ ಕೊಲ್ಹಾಪುರಕ್ಕೋ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಹೋದರೆ ಆ ಪುಟ ಸಮೇತ ಪೂರ್ತಿ ವರದಿ ಒಯ್ಯಿರಿ.

ಇನ್ನು ಭಸ್ಮ. ಇಂಥವುಗಳಲ್ಲಿ ಪಾದರಸ ಇರುವುದುಂಟು. ಪಾದರಸವಿರುವ ನಾಟಿ ಔಷಧಿಗಳಿಂದಲೂ ಮೆಂಬ್ರೇನಸ್ ಬರಬಹುದು ಎಂಬುದನ್ನು ವೆಲ್ಲೂರಿನ ಸಿಎಂಸಿ ವೈದ್ಯರು ತಮ್ಮ ರೋಗಿಗಳಲ್ಲಿ ಕಂಡು ವರದಿ ಮಾಡಿದ್ದಾರೆ. ಮೈ ಬಿಳಿಯಾಗಿಸುವ ಕ್ರೀಮುಗಳಲ್ಲಿನ ಪಾದರಸದಿಂದಲೂ ಹೀಗಾದದ್ದನ್ನು ಕೇರಳದ ವೈದ್ಯರು ತೋರಿಸಿದರು. ಲೂಪಸ್‌ನಿಂದ ಕೆನ್ನೆ ಕೆಂಪಾದಾಗ ಹುಡುಗಿಯರು ಇಂಥವನ್ನು ಹಚ್ಚಿಕೊಳ್ಳುವುದುಂಟು. ಸೋರುವ ಕಿಡ್ನಿಗೆ ಪಾದರಸವನ್ನೂ ಹಾಕಬೇಡಿ. ಬೀಗರಿಗೆ ಈ ಮಾತು ನೇರವಾಗಿ ಹೇಳಿ, ಅವರು ಹೇಳಿದ್ದೂ ಹುಡುಗಿಯ ಒಳ್ಳೆಯದಕ್ಕೇ.

ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದಿದ್ದರೆ ದಿನವೂ ತಪ್ಪದಿರಲಿ, ಕಣ್ಣಿನ ತಪಾಸಣೆಯೂ ಆಗುತ್ತಿರಲಿ. ಸ್ಟೆರಾಯ್ಡ್ ಒಮ್ಮೆಲೇ ನಿಲ್ಲಿಸುವುದು ಅಪಾಯ. ನೋವಿನ ಗುಳಿಗೆ ಅಂಗಡಿಯಿಂದ ತರಬೇಡಿ. ಉಪ್ಪಿನಕಾಯಿ, ಹಪ್ಪಳ ಬಿಡಲಿ. ಹೊಲಕ್ಕೆ ಹೋದರೆ ತಲೆ, ತೋಳು ಮುಚ್ಚಿಕೊಳ್ಳಲಿ. ಒಂದೇ ಕಾಲು ತಟ್ಟನೆ ಬಾತು ನೋಯಿತೆಂದರೆ, ಉಸಿರು ಕಟ್ಟಿತೆಂದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಪ್ರೋಟೀನ್ ಬಹಳ ಸೋರುವವರಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ.

ಮಗುವಿನ ವಿಷಯಕ್ಕೆ ಮನೆಯವರು ಅವಸರ ಮಾಡಬಾರದು. ರೋಗ ಕಡಿಮೆಯೆಂದರೂ ಆರು ತಿಂಗಳು ತಣ್ಣಗಿದ್ದ ಮೇಲೆ ಡಾಕ್ಟರನ್ನು ಕೇಳಿ ಯೋಚಿಸಿ. ಮೈಕೋಫಿನೊಲೇಟ್ ಗುಳಿಗೆ ನಡೆಯುತ್ತಿರುವಾಗ ಗರ್ಭ ನಿಲ್ಲಕೂಡದು, ಅದು ಕೂಸಿಗೆ ಕೆಡುಕು.

ಪ್ರೋಟೀನ್ ಪೂರಾ ಇಳಿಯಲು ವರ್ಷ, ಎರಡು ವರ್ಷವೂ ಹಿಡಿದೀತು. ಮೂರು ತಿಂಗಳಿಗೇ ಗುಣ ಕಾಣಲಿಲ್ಲವೆಂದು ಗುಳಿಗೆ ಬಿಡಿಸಬೇಡಿ, ಅಕ್ಕ.