ಯುದ್ಧಕಾಲದ ಸೇನಾ ಲಾರಿ: ಪೈಪೋಟಿದಾರರ ಜೋಡಿ ದುಡಿಮೆ

ಮಾರುಕಟ್ಟೆಯಲ್ಲಿ ಫೋರ್ಡ್, ಷೆವರ್ಲೆ ಬದ್ಧ ಪೈಪೋಟಿದಾರರು. ಎರಡನೇ ಮಹಾಯುದ್ಧದಲ್ಲಿ (1939–45) ಕೆನಡಾದಲ್ಲಿ ಇಬ್ಬರೂ ಒಂದೇ ಸೇನಾ ಮಾದರಿಯ ಲಾರಿ ಕಟ್ಟಿದರು. ಒಟ್ಟು 4 ಲಕ್ಷಕ್ಕೂ ಹೆಚ್ಚು. ಕ್ಯಾಬಿನ್ ಒಂದೇ ನಮೂನೆ, ಎಂಜಿನ್ ಬೇರೆ: ಫೋರ್ಡ್‌ಗೆ ವಿ-8, ಷೆವರ್ಲೆಗೆ ಸಾಲು 6 ಸಿಲಿಂಡರ್. ಜೀಪಿನಲ್ಲಂತೂ ಹೊಂದಾಣಿಕೆ ಇನ್ನೂ ಆಳ. ಅಮೆರಿಕದ ವಿಲ್ಲಿಸ್ ಕಂಪನಿಯ ಮಾದರಿಯನ್ನೇ ಫೋರ್ಡ್ ‘ಜಿಪಿಡಬ್ಲ್ಯು’ ಹೆಸರಲ್ಲಿ ತಯಾರಿಸಿತು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ರಣರಂಗದಲ್ಲಿ ಕೆಟ್ಟು ನಿಂತ ಗಾಡಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅದೇ ಯುದ್ಧದಲ್ಲಿ ನಮ್ಮ ಬೆಂಗಳೂರು ದುಡಿದದ್ದು ಲಾರಿಗಲ್ಲ, ವಿಮಾನಕ್ಕೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. 1943ರಿಂದ ಅಲ್ಲಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ನಡೆಯಿತು. ಸೇನಾ ಲಾರಿ ಇಲ್ಲಿಗೆ ಬಂದದ್ದು ತಡವಾಗಿ: 1964ರಲ್ಲಿ ಹುಟ್ಟಿದ ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಂಎಲ್, 1986ರಲ್ಲಿ ಜೆಕೊಸ್ಲೊವಾಕಿಯಾದ ಲಾರಿ ತಯಾರಕ ಟಾಟ್ರಾ ಜತೆ ಒಪ್ಪಂದ ಮಾಡಿಕೊಂಡಿತು.